ಪಕ್ಕದ ಸೀಟಿನ ಬ್ರೇಕು

‘ನಾರ್ಮಲ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವನಿಗಾದದ್ದು ಸಂತೋಷವಲ್ಲ, ಅವಮಾನ. ಅಂಗಿ ಬಿಚ್ಚಿ, ಎದೆಗೆ ತಣ್ಣನೆಯ ಜೆಲ್ ಬಳಿಸಿಕೊಂಡು, ಎಡ ಮಗ್ಗುಲಿಗೆ ಹೊರಳಿ, ಒಂದು ಕೈಯನ್ನು ತಲೆಯ ಹಿಂದಿಟ್ಟುಕೊಂಡು, ಸೋಪಿನ ಜಾಹೀರಾತಿನ ಸುಂದರಿಯ ಭಂಗಿಯಲ್ಲಿ ಮಲಗಿರುವ ಗಂಡಸಿಗೆ ಯಾರು ಏನು ಹೇಳಿದರೂ ಅವಮಾನವೇ ಆಗುತ್ತದೋ ಏನೋ. ಹೃದಯದ ಡಾಕ್ಟರಮ್ಮ ಅವನ ಪಕ್ಕೆಲುಬುಗಳ ಸಂದಿಗೆ ಯಂತ್ರದ ಮೂತಿಯನ್ನು ಒತ್ತಿ ಒತ್ತಿ ತಿರುಗಿಸುತ್ತ, ಪರದೆಯ ಮೇಲೆ ಬೂದು ಬಣ್ಣದಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ ಅವನ ಹೃದಯವನ್ನೇ ನೋಡುತ್ತ, “ಪಂಪಿಂಗ್ ಐವತ್ತೆಂಟು! ನಾರ್ಮಲ್ ಕಣ್ರೀ ಮೇಷ್ಟ್ರೇ” ಎಂದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನಾದ್ದರಿಂದ ಊರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿತ್ತು. “ನೂರಕ್ಕೆ ಐವತ್ತೆಂಟಾ ಡಾಕ್ಟ್ರೇ?” ಎಂದು ಅವನು ತಲೆಯನ್ನು ಸ್ವಲ್ಪ ಎತ್ತಿ ಕೇಳಿದ. “ನೂರು ಯಾರಿಗೂ ಬರಲ್ಲ. ನನ್ನದೇ ಅರವತ್ತು.” ಅಂದರೆ ಎರಡು ಮಾರ್ಕಿಗೆ ಫಸ್ಟ್ ಕ್ಲಾಸು ತಪ್ಪಿತು. ಓದುವ ಕಾಲದಿಂದಲೂ ಅವನ ಹಣೆಬರಹ ಇಷ್ಟೆ. ಕಾಯಿಲೆ ಬಿದ್ದಾಗ ಇದೇ ಹೃದಯ ಹದಿನೈದಕ್ಕೆ ಇಳಿದಿತ್ತು, ಆಗ ಅದಕ್ಕೊಂದು ಗೌರವವಿತ್ತು. ಹದಿನೈದರ ಹೃದಯವನ್ನು ನೋಡಲು ದೊಡ್ಡ ಡಾಕ್ಟರು ಚಿಕ್ಕ ಡಾಕ್ಟರುಗಳ ದಂಡು ಕಟ್ಟಿಕೊಂಡು ಬರುತ್ತಿದ್ದರು, ಮಂಚದ ಸುತ್ತ ನಿಂತು ಪಿಸುಗುಟ್ಟುತ್ತಿದ್ದರು, ಒಬ್ಬರಾದ ಮೇಲೊಬ್ಬರು ಅವನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ಎಷ್ಟು ಗುಣಿ ಬೀಳುತ್ತದೆಂದು ನೋಡುತ್ತಿದ್ದರು. ಐವತ್ತೆಂಟರ ಹೃದಯವನ್ನು ಯಾರು ಮೂಸಿ ನೋಡುತ್ತಾರೆ?

ಶುರುವಾದದ್ದು ಒಂದು ಮಾಮೂಲಿ ಜ್ವರದಿಂದ. ಮಾತ್ರೆ ನುಂಗಿ ಪಾಠಕ್ಕೆ ಹೋದ. ಜ್ವರ ಬಿಟ್ಟ ಮೇಲೆ ಚಪ್ಪಲಿ ಬಿಗಿಯಾಯಿತು. ಕುಗ್ಗುವಂಥ ಚಪ್ಪಲಿ ಕೊಟ್ಟಿದ್ದೀಯ ಎಂದು ಅಂಗಡಿಯವನ ಜೊತೆ ಜಗಳ ಆಡಿ ಬಂದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಹತ್ತಿ ಸಾಲದು ಎಂದು ಹೆಂಡತಿಯ ಜೊತೆ ಜಗಳ ಆಡಿದ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಮೆಟ್ಟಿಲು ಕಟ್ಟಿದ ಮೇಸ್ತ್ರಿ ಈಗ ಕೈಗೆ ಸಿಗುವಂತಿರಲಿಲ್ಲವಾದ್ದರಿಂದ ಆ ಒಂದು ಜಗಳ ಮಾತ್ರ ಬಾಕಿ ಉಳಿಯಿತು. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಸುಲಭವಾಗಿ ಅರ್ಥವಾಗಲೆಂದು ಹೇಳಿದರಂತೆ: “ವೈರಸ್ ಬಂತು. ಇವರ ಮೈ ಅದರ ಮೇಲೆ ಜಗಳಕ್ಕೆ ಹೋಯ್ತು. ವೈರಸ್ ಓಡಿಹೋದ್ರೂ ಇದು ಜಗಳ ನಿಲ್ಲಿಸಲಿಲ್ಲ, ಎದುರಿಗಿದ್ದ ಹೃದಯಕ್ಕೇ ಹೊಡೀತಾ ಕೂತಿದೆ. ಹೃದಯದ ಸ್ನಾಯು ಉರಿಯೂತದಿಂದ ಊದಿಕೊಂಡು ಕೈಚೆಲ್ಲಿದೆ.” ಇದನ್ನು ಕೇಳಿದ ಅವನ ಅಕ್ಕ, “ನಾನು ಹೇಳ್ತಾನೇ ಇದ್ದೆ, ಇವನು ಜಗಳಗಂಟ ಅಂತ” ಎಂದು ಕಣ್ಣೊರೆಸಿಕೊಂಡಳಂತೆ. ಅಂದಿನಿಂದ ಮನೆಯಲ್ಲಿ ಜಗಳ ಬಂದ್.

“ಕೆಲಸಕ್ಕೆ ಹೋಗಿ, ಕಾರು ಓಡಿಸಿ, ಪಾಠ ಮಾಡಿ. ಮಾತ್ರೆ ಮಾತ್ರ ನಾನು ಹೇಳದೆ ನಿಲ್ಲಿಸಬೇಡಿ” ಎಂದು ಡಾಕ್ಟರಮ್ಮ ಕೈ ಒರೆಸಿಕೊಂಡರು. ಅವನ ಅಂಗಿಯನ್ನು ತೋಳಿನ ಮೇಲೆ ಮಡಿಸಿ ಹಾಕಿಕೊಂಡು ಮಂಚದ ಕಾಲ ಬಳಿ ನಿಂತಿದ್ದ ಹೆಂಡತಿ ಆಗ ಮೊದಲ ಸಲ ಬಾಯಿ ಬಿಟ್ಟಳು. “ಪಕ್ಕದಲ್ಲಿ ಯಾರಾದ್ರೂ ಜೋರಾಗಿ... ಅಂದ್ರೆ, ದೊಡ್ಡ ಸದ್ದೇನಾದ್ರೂ ಆದ್ರೆ ತೊಂದರೆ ಇಲ್ವಾ ಡಾಕ್ಟ್ರೇ?” “ಹಾರನ್ನಾ? ಕಿವಿ ಹೋಗಬಹುದು, ಹೃದಯ ಹೋಗಲ್ಲ ಬಿಡಿ” ಎಂದು ಡಾಕ್ಟರಮ್ಮ ನಕ್ಕರು. ಹೆಂಡತಿ ನಗಲಿಲ್ಲ. ಅಂಗಿಯ ತೋಳುಗಳನ್ನು ಸರಿಮಾಡಿ, ಎಳೆಯ ಮಗುವಿಗೆ ತೊಡಿಸುವಂತೆ ಅವನಿಗೆ ತೊಡಿಸಿದಳು. ಎದೆಯ ಮೇಲೆ ಉಳಿದಿದ್ದ ಜೆಲ್ಲಿಗೆ ಅಂಗಿ ಪಚಕ್ಕನೆ ಅಂಟಿಕೊಂಡಿತು.

ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಅವನು ಪರೀಕ್ಷೆ ಶುರುಮಾಡಿದ. ನಾರ್ಮಲ್ ಎಂದು ಡಾಕ್ಟರಮ್ಮ ಹೇಳಿದರೆ ಏನು ಬಂತು, ಮನೆಯೊಡತಿ ಒಪ್ಪಬೇಡವೇ? “ಆ ಡಾಕ್ಟರಮ್ಮನಿಗೆ ಏನೂ ಗೊತ್ತಿಲ್ಲ” ಎಂದ. “ಹೌದು” ಎಂದಳು ಹೆಂಡತಿ. “ಆದರೂ ತುಂಬ ಬುದ್ಧಿವಂತೆ.” “ಹೌದು, ತುಂಬ.” “ಈ ಟ್ಯಾಕ್ಸಿ ಹಿಂದಕ್ಕೆ ಹೋಗ್ತಾ ಇದೆ.” ಅವಳು ಕಿಟಕಿಯಿಂದಾಚೆ ನೋಡಿ, ಒಂದು ಗಳಿಗೆ ಕಷ್ಟಪಟ್ಟು, “ಹಾಗೇ ಅನಿಸುತ್ತೆ ಅಲ್ವಾ?” ಎಂದಳು. ಟ್ಯಾಕ್ಸಿಯವನು ಗಾಬರಿಯಿಂದ ಕನ್ನಡಿಯಲ್ಲಿ ಹಿಂದೆ ನೋಡಿದ. ಇವಳೇ ಏನು, ಫ್ಯಾನು ಎಷ್ಟರಲ್ಲಿ ತಿರುಗಬೇಕು ಎಂಬ ವಿಷಯಕ್ಕೆ ಒಂದಿಡೀ ಬೇಸಿಗೆ ಅವನ ಜೊತೆ ಮಾತು ಬಿಟ್ಟವಳು? ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ ಅವಳದ್ದು. ಕಣ್ಣಳತೆಗೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸಹಿಸದ ಹೆಂಗಸು. ಊಟಕ್ಕೆ ಕೂತಾಗ ಎದುರಿಂದ ಕೈಚಾಚಿ ಅವನ ಕನ್ನಡಕವನ್ನು ಕಿತ್ತುಕೊಂಡು, ಕಡ್ಡಿ ಬಗ್ಗಿಸಿ, ಮತ್ತೆ ಮೂಗಿಗೆ ಸಿಕ್ಕಿಸಿ, “ಮುಖಾನೇ ಸೊಟ್ಟ ಇದ್ರೆ ನಾನೇನು ಮಾಡ್ಲಿ” ಎನ್ನುತ್ತಿದ್ದಳು. ಈಗ ಕನ್ನಡಕ ಕಿವಿಯಿಂದ ಜಾರಿ ಗಲ್ಲಕ್ಕೆ ಬಂದರೂ ಅವಳು ನೋಡುವುದು ಕನ್ನಡಕವನ್ನಲ್ಲ, ಅವನ ಎದೆಯನ್ನು. ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವರು ಇವರ ಮನೆಗೆ ಬಂದಿರಲಿಲ್ಲ. ಇವರದ್ದು ಉಂಡ ಮೇಲೆ ರಂಗೇರುವ ಜಗಳ. ಅದರಲ್ಲಿ ಸಿಟ್ಟು ಕಡಿಮೆ, ಕಸುಬು ಜಾಸ್ತಿ. ಒಬ್ಬರ ಮಾತನ್ನು ಇನ್ನೊಬ್ಬರು ಮೇಲಕ್ಕೆತ್ತಿ, ಕೆಳಗೆ ಬೀಳದಂತೆ ಹಿಡಿದು, ತಿರುಗಿಸಿ ಒಗೆಯುವ ಆಟ. ಆಟ ಮುಗಿದ ಮೇಲೆ ಇಬ್ಬರಿಗೂ ಹಾಯೆನಿಸಿ ಚಹಾ ಕುಡಿಯುತ್ತಿದ್ದರು, ಚಹಾಕ್ಕೆ ಸಕ್ಕರೆ ಯಾರು ಜಾಸ್ತಿ ಹಾಕಿದ್ದೆಂದು ಮತ್ತೆ ಶುರುವಾಗುತ್ತಿತ್ತು. ಈಗ ಅವನು ಏನು ಎಸೆದರೂ ಅವಳು ಮಡಿಲಲ್ಲಿ ಹಿಡಿದು ಮೆತ್ತಗೆ ಕೆಳಗಿಡುತ್ತಾಳೆ. ಮೊದಮೊದಲು ಸುಖವಾಗಿತ್ತು, ಸುಳ್ಳೇಕೆ. ಗೆದ್ದವನ ಸುಖ. ಬರುಬರುತ್ತ ಅದರೊಳಗಿನ ಕಹಿ ನಾಲಗೆಗೆ ಸಿಕ್ಕಿತು. ಇವಳು ನನ್ನನ್ನು ಗೆಲ್ಲಿಸುತ್ತಿರುವುದು ಸಾಯುವವನ ಜೊತೆ ಯಾಕೆ ವಾದ ಎಂದು. ಇವಳ ಲೆಕ್ಕದಲ್ಲಿ ನಾನು ಇನ್ನೂ ಹದಿನೈದರಲ್ಲೇ ಇದ್ದೇನೆ. ಅವಳು ಒಂದು ಸಲ, ಒಂದೇ ಸಲ, ಮೊದಲಿನಂತೆ ಬಾಯಿತುಂಬ ಬೈಯುವವರೆಗೆ ತಾನು ಬದುಕಿದ್ದೇನೆಂದು ನಂಬಲು ಅವನಿಂದ ಸಾಧ್ಯವಿರಲಿಲ್ಲ. ಯಂತ್ರ ಏನಾದರೂ ಹೇಳಿಕೊಳ್ಳಲಿ.

ಮನೆಗೆ ಬಂದವನೇ ಬನಿಯನ್ನನ್ನು ತಿರುವುಮುರುವಾಗಿ ಹಾಕಿಕೊಂಡು ಓಡಾಡಿದ. “ಚೆನ್ನಾಗಿದೆ” ಎಂದಳು. ಅವಳೇ ಕೈಯಾರೆ ಕೊಟ್ಟ ಚಹಾವನ್ನು ಅವಳೆದುರೇ, ಅವಳು ಜೀವದಂತೆ ನೋಡಿಕೊಳ್ಳುವ ಹೂಕುಂಡಕ್ಕೆ ಸುರಿದ. ಅವಳ ದವಡೆ ಒಂದು ಸಲ ಅಲುಗಿತು. ಬಂತು, ಈಗ ಬಂತು ಎಂದು ಅವನು ಆಸೆಯಿಂದ ಕಾದ. ಅವಳು ಉಗುಳು ನುಂಗಿ, “ಅದಕ್ಕೂ ಬೇಕಿತ್ತೇನೋ ಪಾಪ” ಎಂದು ಒಳಗೆ ಹೋದಳು. ಮಹಡಿಯ ಮೇಲೆ ಅಕ್ಕನ ಮನೆ. ಅಲ್ಲಾದರೂ ನ್ಯಾಯ ಸಿಕ್ಕೀತೆಂದು ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ಹೋದ. ಹತ್ತಿದ್ದು ಏದುಸಿರಿಲ್ಲದೆ ಎಂಬುದು ಹತ್ತಿದ ಮೇಲೆಯೇ ಹೊಳೆದದ್ದು. ಅಕ್ಕ ಹಾವು ಏಣಿ ಆಟದ ಹಲಗೆ ಬಿಡಿಸಿಕೊಂಡು ಕಾಯುತ್ತಿದ್ದಳು. ಆರಾಮಾಗಿ ಆಡಬಹುದಾದದ್ದು, ತಲೆಗೆ ಕೆಲಸವಿಲ್ಲದ್ದು, ರೋಗಿಗೆ ಒಳ್ಳೆಯದು ಎಂದು ಅವಳೇ ಹುಡುಕಿ ತಂದ ಆಟ. ದಾಳದ ಆಟದಲ್ಲಿ ಬೇಕೆಂದು ಸೋಲುವುದು ಹೇಗೆ? ಆದರೆ ಅಕ್ಕ ಕೈಲಾಗದವಳಲ್ಲ. ಚಿಕ್ಕಂದಿನಲ್ಲಿ ಗೆಲ್ಲಲು ಎಷ್ಟು ಮೋಸ ಮಾಡುತ್ತಿದ್ದಳೋ ಈಗ ಸೋಲಲು ಅಷ್ಟೇ ಮೋಸ ಮಾಡುತ್ತಾಳೆ. ಅವಳಿಗೆ ನಾಲ್ಕು ಬಿದ್ದರೆ ಏಣಿ ಸಿಗುವಂತಿತ್ತು, ನಾಲ್ಕೇ ಬಿತ್ತು. ಅಕ್ಕ ದಾಳವನ್ನು ಅಂಗೈಯಲ್ಲಿ ಮುಚ್ಚಿ, “ಐದು” ಎಂದು ಕಾಯಿಯನ್ನು ಒಂದು ಮನೆ ಮುಂದೆ ದಬ್ಬಿ, ದೊಡ್ಡ ಹಾವಿನ ಬಾಯಿಗೆ ತಾನೇ ಹೋಗಿ ಬಿದ್ದಳು. “ಅಯ್ಯೋ, ನನ್ನ ಹಣೆಬರಹವೇ!” ಎಂದು ಹಣೆ ಚಚ್ಚಿಕೊಂಡಳು. ಅವನಿಗೆ ರೇಗಿತು. “ಅಕ್ಕ, ನಾರ್ಮಲ್ ಅಂದಿದಾರೆ ನನಗೆ! ಐವತ್ತೆಂಟು!” ಅಕ್ಕ ಅವನ ತಲೆ ಸವರಿ, ಹುಚ್ಚನಿಗೆ ಹೇಳುವ ದನಿಯಲ್ಲಿ, “ಹೌದಪ್ಪ, ಹೌದು, ನಾರ್ಮಲ್ಲೇ. ಐವತ್ತೆಂಟಲ್ಲ, ನೂರು. ಹಾಕು ದಾಳ” ಎಂದಳು. ಅವನಿಗೆ ಆರು ಬಿತ್ತು. ಇಷ್ಟು ದುಃಖದಿಂದ ಯಾರೂ ಏಣಿ ಹತ್ತಿರಲಾರರು.

ಏಣಿಯ ತುದಿಯಲ್ಲಿ ಕಾಯಿ ಇಡುವಾಗ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತಿತು. ಅದೊಂದು ಅವನ ಕಸುಬಿನ ಚಾಳಿ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಸೀಟಿನ ಕಾಲಡಿಗೂ ಒಂದು ಬ್ರೇಕಿರುತ್ತದೆ. ಕಲಿಯುವವರು ಯಾವ ಗಳಿಗೆಯಲ್ಲಿ ಯಾವ ಗೋಡೆಯನ್ನು ಹುಡುಕಿಕೊಂಡು ಹೋಗುತ್ತಾರೋ ಎಂದು ಮೈಯೆಲ್ಲ ಕಾಲಾಗಿ ಕೂತೂ ಕೂತೂ, ಈಗ ಸಿನಿಮಾದಲ್ಲಿ ಯಾರಾದರೂ ಓಡಿದರೂ ಅವನ ಕಾಲು ಬ್ರೇಕು ಹುಡುಕುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಕಲಿಸಲು ಹೋಗಿದ್ದ. ಬೇಕರಿಯ ಮುಂದಿನ ನಾಲ್ಕು ರಸ್ತೆ ಸೇರುವಲ್ಲಿ, ಬ್ರೆಡ್ಡಿಗೆ ಕಣ್ಣು ಮೀಸೆ ಬರೆದ ಬೋರ್ಡಿನ ಎದುರು, ಕಾರು ಗಕ್ಕನೆ ನಿಂತು ಹೋಯಿತು. “ಕ್ಲಚ್ ಒತ್ತೋದು ಅಂದ್ರೆ ಬಚ್ಚಲಲ್ಲಿ ಜಿರಳೆ ಹೊಸಕೋದಲ್ಲ” ಎಂದ, ಎಲ್ಲರಿಗೂ ಹೇಳುವಂತೆ. ಅವಳು ಬಾಗಿಲು ತೆಗೆದು, ಕೆಳಗಿಳಿದು, ಸೆರಗು ಕೊಡವಿ, ನಡೆದೇ ಮನೆಗೆ ಹೋದಳು. ಡ್ರೈವರಿಲ್ಲದ ಕಾರಿನ ಪಕ್ಕದ ಸೀಟಿನಲ್ಲಿ, ಬ್ರೇಕೊಂದನ್ನೇ ಒತ್ತಿಕೊಂಡು, ಸುತ್ತ ಹಾರನ್ನುಗಳ ನಡುವೆ ಮೇಷ್ಟ್ರು ಕೂತಿದ್ದರು, ಮೀಸೆಯ ಬ್ರೆಡ್ಡು ನಗುತ್ತಿತ್ತು. ಅಲ್ಲಿಂದಾಚೆಗೆ ಮನೆಯಲ್ಲಿ ಎಲ್ಲದರ ಮೇಲೂ ಜಗಳವಾಯಿತು, ಸ್ಟೀರಿಂಗಿನ ವಿಷಯವೊಂದನ್ನು ಬಿಟ್ಟು.

ಅದೇ ಹೆಂಗಸು ಕಾಯಿಲೆ ಜೋರಾದ ಆ ದಿನ ಅವನನ್ನು ಆಸ್ಪತ್ರೆಗೆ ಒಯ್ದದ್ದು ಅದೇ ಕಾರಿನಲ್ಲಿ. ನಡುಹಗಲು. ಪಾಠದ ಮಧ್ಯೆ ತಲೆ ತಿರುಗಿ ಮನೆಗೆ ಬಂದಿದ್ದ, ಕಾರು ಬಾಗಿಲಲ್ಲೇ ಇತ್ತು. ಉಸಿರು ಒಳಗೆ ಹೋಗಲು ಒಪ್ಪುತ್ತಿರಲಿಲ್ಲ, ತುಟಿ ನೀಲಿಗಟ್ಟಿತ್ತು, ಆಂಬ್ಯುಲೆನ್ಸು ಈಗ ಬಂತು ಆಗ ಬಂತು ಎನ್ನುತ್ತಲೇ ಇತ್ತು. ಅವಳು ಹಿಂದಿನ ಸೀಟಿನ ಬಾಗಿಲು ತೆಗೆದರೆ ಅವನು ಅಭ್ಯಾಸಬಲದಿಂದ ತನ್ನ ಸೀಟಿನಲ್ಲೇ ಹೋಗಿ ಕುಸಿದನಂತೆ. ಅವಳು ಎಂದೋ ಕಲಿತ ಅರ್ಧ ಪಾಠವನ್ನು ನೆಚ್ಚಿಕೊಂಡು ಸ್ಟೀರಿಂಗು ಹಿಡಿದಳು. ಆಮೇಲಿನ ಕತೆ ಸ್ಕೂಲಿನಲ್ಲಿ ಕಲಿಯಲು ಬರುವವರಿಗೆಲ್ಲ ಬಾಯಿಪಾಠ. ಜೊತೆಗೆ ಸ್ಕೂಲು ನೋಡಿಕೊಳ್ಳುವ ಭಾವಮೈದ, ಹೆಂಡತಿಯ ತಮ್ಮ, ಅದನ್ನು ಅಷ್ಟು ಚೆಂದ ಹೇಳುತ್ತಾನೆ. ಅವಳು ವೇಗ ಕೊಟ್ಟಾಗಲೆಲ್ಲ ಅರೆಪ್ರಜ್ಞೆಯ ಮೇಷ್ಟ್ರ ಕಾಲು ಬ್ರೇಕು ಒತ್ತುತ್ತಿತ್ತಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತ ಹೋಯಿತಂತೆ. “ಯಮನಿಗೇ ಬ್ರೇಕ್ ಹಾಕಿದೋರು ನಮ್ಮ ಭಾವ!” ಎಂದು ಮುಗಿಸಿದಾಗ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಒಳಗೊಳಗೆ ನಾಚಿಕೆಯಿಂದ ಕುಗ್ಗುತ್ತಾನೆ. ಸಾಯುವ ಹೊತ್ತಿನಲ್ಲೂ ಹೆಂಡತಿಯನ್ನು ನಂಬದ ಕಾಲು. ಅವನಿಗೆ ನೆನಪಿರುವುದು ಇಷ್ಟೆ: ಬಿಸಿಲು, ಮೀಸೆಯ ಬ್ರೆಡ್ಡು, ಅವಳ ದನಿ ಏನೋ ಹೇಳಿದ್ದು. ಆಮೇಲೆ ಆಸ್ಪತ್ರೆಯ ಸೂರು. ಏನು ಹೇಳಿದೆ ಎಂದು ಎಷ್ಟು ಕೇಳಿದರೂ, “ಏನೂ ಇಲ್ಲ, ಏನೂ ಹೇಳಲಿಲ್ಲ” ಎಂದು ಅವಳು ಎದ್ದು ಹೋಗುತ್ತಾಳೆ.

“ಗೆದ್ದೆಯಲ್ಲೋ!” ಎಂದು ಅಕ್ಕ ಚಪ್ಪಾಳೆ ತಟ್ಟಿದಳು. ಅವನು ಎದ್ದು ನೇರ ಸ್ಕೂಲಿಗೆ ನಡೆದ. ಸ್ಕೂಲೆಂದರೆ ಒಂದು ಕೋಣೆ, ಗೋಡೆ ತುಂಬ ರಸ್ತೆಯ ಚಿಹ್ನೆಗಳು, ಮೇಜಿನ ಮೇಲೆ ಆಟದ ಕಾರುಗಳು. ಕಾಯಿಲೆಯಾದ ಮೇಲೆ ಅವನ ಕೆಲಸ ಈ ಆಟದ ಕಾರುಗಳನ್ನು ಬೋರ್ಡಿನ ಮೇಲೆ ಸರಿಸಿ ತೋರಿಸುವುದಷ್ಟೇ. ಭಾವಮೈದ ಅವನಿಗಾಗಿ ಒಂದು ಮೆತ್ತೆಯ ಕುರ್ಚಿ ತರಿಸಿದ್ದ. ಅದರಲ್ಲಿ ಕೂತರೆ ತಾನು ಸನ್ಮಾನಕ್ಕೆ ಬಂದವನೋ, ಶ್ರದ್ಧಾಂಜಲಿಗೆ ಫೋಟೋ ಕೊಡಲು ಬಂದವನೋ ಅವನಿಗೆ ತಿಳಿಯುತ್ತಿರಲಿಲ್ಲ. “ಬನ್ನಿ ಭಾವ, ಕೂತ್ಕೊಳ್ಳಿ. ನೀರು ಬೇಕಾ? ಜಾಸ್ತಿ ಕುಡೀಬಾರದಲ್ವಾ, ಅರ್ಧ ಲೋಟ ಕೊಡ್ಲಾ?” “ಕಾರಿನ ಕೀಲಿ ಕೊಡು” ಎಂದ ಅವನು. ಭಾವಮೈದ ‘ಆಗಲ್ಲ’ ಎನ್ನಲು ಬಾಯಿ ತೆರೆದ. ತನ್ನಕ್ಕ, ಅಂದರೆ ಇವನ ಹೆಂಡತಿ, ಹಾಕಿದ್ದ ಕಟ್ಟಪ್ಪಣೆ ನೆನಪಾಗಿ ಹಾಗೇ ಮುಚ್ಚಿದ. ಭಾವ ಏನು ಕೇಳಿದರೂ ಇಲ್ಲ ಅನ್ನಬಾರದು, ಎದುರಾಡಬಾರದು, ದನಿ ಏರಿಸಬಾರದು. “ಕೊಡ್ತೀನಿ ಭಾವ” ಎಂದು ಅಳುಮುಖದಿಂದ ಕೀಲಿ ಕೊಟ್ಟ. “ಆದ್ರೆ ಅಕ್ಕನಿಗೆ...” “ನಾನು ಹೇಳ್ತೀನಿ.” ಆಗಲೇ ಅವನಿಗೆ ಉಪಾಯ ಹೊಳೆದದ್ದು. ಯಾವ ಕಟ್ಟಳೆ ತನ್ನನ್ನು ಉಸಿರುಗಟ್ಟಿಸುತ್ತಿದೆಯೋ ಅದೇ ಕಟ್ಟಳೆಗೆ ಹೆಂಡತಿಯೂ ಸಿಕ್ಕಿಬಿದ್ದಿದ್ದಾಳಲ್ಲ!

ಎಷ್ಟೋ ಕಾಲದ ಮೇಲೆ ಸ್ಟೀರಿಂಗು ಹಿಡಿದು ಮನೆಯ ಮುಂದೆ ಕಾರು ನಿಲ್ಲಿಸಿದ. ಹೆಂಡತಿ ಹೊರಗೆ ಓಡಿಬಂದಳು. ಅವನು ಇಳಿದು, ಸುತ್ತಿ ಹೋಗಿ, ಪಕ್ಕದ ಸೀಟಿನಲ್ಲಿ ಕೂತ. “ಬಾ, ಕಾರು ಕಲೀಬೇಕು ನೀನು. ಈಗಲೇ.” ಅವಳ ಮುಖ ಬಿಳಿಚಿಕೊಂಡಿತು. ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹಿಂಡಿದಳು. ಬೇಡ ಎಂಬ ಮಾತು ಗಂಟಲವರೆಗೆ ಬಂದು ಹಿಂದಕ್ಕೆ ಹೋದದ್ದು ಅವನಿಗೆ ಕಾಣಿಸಿತು. ಒಂದು ಗಳಿಗೆ ಅವನಿಗೇ ಅಯ್ಯೋ ಎನಿಸಿತು. ಹೆದರಿದವಳನ್ನು ಹೀಗೆ ಆಟ ಆಡಿಸಬಹುದೇ? ಬೈಯಿ, ‘ಹೋಗಿ, ನೀವೂ ನಿಮ್ಮ ಡಕೋಟಾ ಕಾರೂ’ ಎಂದು ಬೈದು ಬಾಗಿಲು ಹಾಕಿಕೋ, ನಾನೇ ಸೋತೆ ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅವಳು, “ಸರಿ, ನೀವು ಹೇಳಿದ ಹಾಗೆ” ಎಂದು ಚಪ್ಪಲಿ ಮೆಟ್ಟಿ ಬಂದು ಸ್ಟೀರಿಂಗಿನ ಮುಂದೆ ಕೂತಳು. ಮಹಡಿಯ ಕಿಟಕಿಯಿಂದ ಅಕ್ಕ ಬಗ್ಗಿ, “ಎಲ್ಲಿಗೋ?” ಎಂದು ಕೂಗಿದವಳು, ಎದುರು ಪ್ರಶ್ನೆ ಕೇಳಬಾರದೆಂಬುದು ನೆನಪಾಗಿ, “ಒಳ್ಳೇದಾಗ್ಲಿ!” ಎಂದು ಕೈಬೀಸಿದಳು.

ಕಾರು ಹೊರಟಿತು. ಅವಳು ಕೆಟ್ಟದಾಗಿ ಓಡಿಸುತ್ತಿರಲಿಲ್ಲ ಎಂಬುದು ಅವನಿಗೆ ಮೊದಲ ತಿರುವಿನಲ್ಲೇ ಗೊತ್ತಾಗಿ ಸ್ವಲ್ಪ ಬೇಜಾರಾಯಿತು. ಕನ್ನಡಕದ ಗಾಜು ಕೂರಿಸಿ ಪಳಗಿದ ಕೈ ಸ್ಟೀರಿಂಗನ್ನು ಎಳೆದಾಡದೆ ಅಳತೆ ಮಾಡಿ ತಿರುಗಿಸುತ್ತಿತ್ತು. ಅವಳು ವೇಗ ಕೊಟ್ಟಳು, ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಮುಗ್ಗರಿಸಿತು. “ಸರಿ” ಎಂದಳು ಅವಳು, ಏನೂ ಆಗಲಿಲ್ಲವೆಂಬಂತೆ. ಮತ್ತೆ ವೇಗ, ಮತ್ತೆ ಬ್ರೇಕು. “ಸರಿ.” ಮೊದಲ ಸಲದ್ದು ಚಾಳಿ, ಆಮೇಲಿನದ್ದು ಕುಚೇಷ್ಟೆ, ಅದರಾಚೆಗಿನದ್ದು ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಕಾಲು ತನ್ನ ಹಳೆಯ ಕೆಲಸಕ್ಕೆ ಖುಷಿಯಿಂದ ಮರಳಿತ್ತು. ನಾಯಿಯೊಂದು ಅಷ್ಟು ದೂರದಲ್ಲಿ ಮಲಗಿತ್ತು, ಬ್ರೇಕು. ಮುದುಕರೊಬ್ಬರು ಪೇಪರು ಓದುತ್ತ ಜಗಲಿಯ ಮೇಲೆ ಕೂತಿದ್ದರು, ಅವರು ಏಳಬಹುದೆಂದು ಬ್ರೇಕು. ಅವಳ ಬೆರಳ ಗೆಣ್ಣುಗಳು ಸ್ಟೀರಿಂಗಿನ ಮೇಲೆ ಬೆಳ್ಳಗಾಗುತ್ತಿದ್ದವು, ಕುತ್ತಿಗೆಯ ನರ ಎದ್ದಿತ್ತು. ಆದರೂ ಪ್ರತಿ ಸಲ ಓರೆಗಣ್ಣಿನಿಂದ ಅವನ ಎದೆಯನ್ನು ನೋಡಿ, “ಸರಿ, ಸರಿ” ಎನ್ನುತ್ತಿದ್ದಳು. ಆ ‘ಸರಿ’ ಅವನಿಗೆ ಮೂಳೆಯವರೆಗೆ ನಾಟುತ್ತಿತ್ತು.

ಬೇಕರಿಯ ಬಳಿ ಬಂದರು. ಮೀಸೆಯ ಬ್ರೆಡ್ಡಿಗೆ ಈಚೆಗೆ ಯಾರೋ ಹೊಸ ಬಣ್ಣ ಬಳಿದಿದ್ದರು, ಮೀಸೆ ಮೊದಲಿಗಿಂತ ದಪ್ಪವಾಗಿತ್ತು. ನಾಲ್ಕು ರಸ್ತೆ ಕೂಡುವ ನಟ್ಟನಡುವೆ ಅವಳು ವೇಗ ಕೊಟ್ಟಳು. ಅವನ ಕಾಲು ಒತ್ತಿತು, ಪೂರ್ತಿ ಒತ್ತಿತು. ಕಾರು ಗಕ್ಕನೆ ನಿಂತು ಕೆಮ್ಮಿ ಸತ್ತಿತು. ಅವಳು ಮತ್ತೆ ಶುರು ಮಾಡಿದಳು. ಅವನ ಕಾಲು ಬ್ರೇಕಿನಿಂದ ಅಲುಗಲಿಲ್ಲ. ಹಿಂದೆ ಹಾಲಿನ ವ್ಯಾನು ಹಾರನ್ನು ಹೊಡೆಯಿತು. “ಸರಿ” ಎನ್ನಲು ಅವಳು ಬಾಯಿ ತೆರೆದಳು, ಅದು ಹೊರಗೆ ಬರಲಿಲ್ಲ. ಇಷ್ಟು ಕಾಲ ನುಂಗಿದ್ದ ‘ಸರಿ’ಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವೋ ಎಂಬಂತೆ, ಬೇಕರಿಯೊಳಗೆ ಬನ್ನು ಆರಿಸುತ್ತಿದ್ದವರೂ ತಿರುಗಿ ನೋಡುವ ಹಾಗೆ ಅವಳು ಕೂಗಿದಳು:

“ಕಾಲು ತೆಗೀರೀ!”

ಕೂಗಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಮೇಲಿನಿಂದ ಅವಳ ಕಣ್ಣು ಅವನ ಎದೆಯ ಮೇಲೆ ನೆಟ್ಟಿತು. ಏರುತ್ತದೆಯೇ? ಇಳಿಯುತ್ತದೆಯೇ? ಅವನ ಎದೆ ಗಾಬರಿಯಿಂದ ಎಂದಿಗಿಂತ ಜೋರಾಗಿ ಏರಿ ಇಳಿಯುತ್ತಿತ್ತು. “ಏನಾಯ್ತೇ?” ಎಂದ. “ಏನೂ ಆಗಲಿಲ್ವಾ?” ಎಂದು ಅವಳು ಪಿಸುಗುಟ್ಟಿದಳು. “ನೋಯ್ತಿದೆಯಾ? ಕತ್ತಲೆ ಬರ್ತಿದೆಯಾ?” “ಇಲ್ಲ.” ಆಗ ಅವಳಿಗೆ ಅಳು ಬಂತು. ಸ್ಟೀರಿಂಗಿಗೆ ಹಣೆ ಇಟ್ಟು ಅತ್ತಳು. ಹಣೆ ಹಾರನ್ನಿಗೆ ತಗುಲಿ ಕಾರೂ ಪೋಂ ಎಂದು ಅವಳ ಜೊತೆ ಅಳತೊಡಗಿತು. “ಅವತ್ತೂ ಇಲ್ಲೇ ಕೂಗಿದ್ದು ನಾನು. ಇದೇ ಮಾತು. ಉಸಿರಾಡಕ್ಕೆ ಒದ್ದಾಡ್ತಿದ್ದೋರ ಮೇಲೆ ಹೀಗೇ ಗಂಟಲು ಹರಿಯೋ ಹಾಗೆ ಕೂಗಿದೆ. ಕೂಗಿದ ತಕ್ಷಣ ನಿಮ್ಮ ಕಾಲು ಜಾರ್ತು, ಕತ್ತು ವಾಲ್ತು. ಹೃದಯ ನಿಂತೇ ಹೋಯ್ತು ಅಂದ್ಕೊಂಡೆ. ನಾನೇ ನಿಲ್ಲಿಸಿದೆ, ನನ್ನ ಬಾಯೇ ನಿಲ್ಲಿಸ್ತು. ಯಾರಿಗೆ ಹೇಳ್ಲಿ ಇದನ್ನ?” ಎಂದಳು.

ಅವನಿಗೆ ಈಗ ಗೊತ್ತಾಯಿತು. ಸಾಯುವವನೆಂದಲ್ಲ, ಕೊಂದೆನೆಂದು ಹೆದರಿ ಇವಳು ನಾಲಗೆ ಕಚ್ಚಿಕೊಂಡು ಬದುಕಿದ್ದು. ತಾನು ಮಾತ್ರ ತನ್ನ ಐವತ್ತೆಂಟನ್ನು ಎತ್ತಿ ಹಿಡಿದು ಚಹಾವನ್ನು ಕುಂಡಕ್ಕೆ ಸುರಿಯುತ್ತಿದ್ದ. ಹಾಗೆ ನಾಚಿಕೆಯಲ್ಲಿ ಕೂತಿರುವಾಗಲೇ ಅವನ ಬಲಗಾಲಿಗೆ ನೆನಪಾಯಿತು. ತಲೆಗಲ್ಲ, ಕಾಲಿಗೆ. ಬಿಸಿಲು, ಮೀಸೆಯ ಬ್ರೆಡ್ಡು, ಅವಳ ದನಿ. ಆ ದನಿ ಹೇಳಿದ್ದು ಇದೇ ಮಾತು. ನೀರೊಳಗಿನಿಂದ ಕೇಳುವಂತೆ ಕೇಳಿಸಿತ್ತು. ಸುತ್ತಲೂ ಎಲ್ಲ ದೂರವಾಗುತ್ತಿದ್ದಾಗ ಹತ್ತಿರವಿದ್ದದ್ದು ಆ ಸಿಟ್ಟೊಂದೇ. ಸರಿ, ಇವಳು ಹೇಳುತ್ತಿದ್ದಾಳಲ್ಲ, ಇನ್ನು ಇವಳೇ ನೋಡಿಕೊಳ್ಳಲಿ ಎಂದು ಅವನು, ತಾನಾಗಿ, ಕಷ್ಟಪಟ್ಟು, ಕೆಸರಿನಿಂದ ಕಿತ್ತಂತೆ ಕಾಲನ್ನು ಬ್ರೇಕಿನಿಂದ ಎತ್ತಿದ್ದ. ಆಮೇಲೆಯೇ ಕತ್ತಲೆ ಬಂದದ್ದು.

“ಜಾರಲಿಲ್ಲ ಕಣೇ” ಎಂದ. “ನಾನೇ ತೆಗೆದೆ. ನೀನು ಕೂಗಿದೆ, ನನಗೆ ಕೇಳಿಸ್ತು, ತೆಗೆದೆ. ನೀನು ಕೂಗದೇ ಇದ್ದಿದ್ರೆ ಇಲ್ಲೇ ಬ್ರೇಕ್ ಒತ್ಕೊಂಡು ಹೋಗಿರ್ತಿದ್ದೆ.”

ಅವಳು ಹಣೆ ಎತ್ತಿದಳು, ಹಾರನ್ನು ನಿಂತಿತು. ಒದ್ದೆ ಕಣ್ಣುಗಳು ನಿಧಾನವಾಗಿ ಕಿರಿದಾದವು. “ನೀವು? ನನ್ನ ಮಾತು ಕೇಳಿದ್ರಿ?”

“ಕೇಳಿದೆ.”

“ಸುಳ್ಳು.”

ಅವನ ಎದೆ ಹಿಗ್ಗಿತು. ಸುಳ್ಳು! ಎಷ್ಟು ದಿನವಾಗಿತ್ತು ಆ ಮಾತನ್ನು ಕೇಳಿ! “ಸುಳ್ಳಲ್ಲ, ಆಣೆ ಮಾಡ್ತೀನಿ.” “ಆಣೆ ಬೇರೆ ಕೇಡು! ಮದುವೆಯಾದಾಗಿಂದ ಒಂದು ದಿನ ನನ್ನ ಮಾತು ಕೇಳದೋರು, ಉಸಿರು ಕಟ್ಟಿದಾಗ ಕೇಳಿದ್ರಂತೆ!” ಅಷ್ಟರಲ್ಲಿ ಹಾಲಿನ ವ್ಯಾನಿನವನು ಇಳಿದು ಬಂದು ಕಿಟಕಿಯಲ್ಲಿ ತಲೆ ತೂರಿಸಿ, “ಏನಮ್ಮ, ರಸ್ತೆ ನಿಮ್ಮಪ್ಪಂದಾ?” ಎಂದ. ಅವಳು ಅವನತ್ತ ತಿರುಗಿದಳು. ಪಾಪ, ಅವನ ಗ್ರಹಚಾರ. “ಕಾಣಿಸಲ್ವೇನ್ರೀ ಕಲೀತಿರೋದು? ಹಿಂದೆ ಅಷ್ಟು ದೊಡ್ಡ ‘ಎಲ್’ ಬೋರ್ಡು ಹಾಕಿಲ್ವಾ? ಹಾಲು ಒಡೆದು ಹೋಗುತ್ತಾ ಒಂದು ನಿಮಿಷಕ್ಕೆ?” ವ್ಯಾನಿನವನು ತಲೆ ಹೊರಗೆಳೆದುಕೊಂಡು ಹಿಂದಕ್ಕೆ ನಡೆದ. ಅವಳು ನಿಲ್ಲಲಿಲ್ಲ, ನಿಲ್ಲಿಸುವುದು ಅವಳ ಕೈಯಲ್ಲೇ ಇರಲಿಲ್ಲ. ಗಂಡನತ್ತ ತಿರುಗಿ ಮುಂದುವರಿಸಿದಳು. “ಹೂವಿನ ಕುಂಡಕ್ಕೆ ಚಹಾ ಸುರೀತಾರಾ ಯಾರಾದ್ರೂ? ಗಿಡ ಸತ್ತರೆ ನೋಡಿ ನಿಮಗೆ! ಬನಿಯನ್ ತಿರುಗಾಮುರುಗಾ ಹಾಕ್ಕೊಂಡು ಮೆರವಣಿಗೆ ಬೇರೆ. ಟ್ಯಾಕ್ಸಿ ಹಿಂದಕ್ಕೆ ಹೋಗ್ತಿದೆ ಅಂತೆ! ಆ ಚಪ್ಪಲಿ ಅಂಗಡಿಯವನು ಇನ್ನೂ ನನ್ನ ಮುಖ ನೋಡಿದ್ರೆ ಶಟರ್ ಎಳೀತಾನೆ. ದಿಂಬಿಗೆ ಹತ್ತಿ ಸಾಲದು ಅಂದ್ರಲ್ಲ, ಅದರಲ್ಲಿರೋ ಹತ್ತಿ ನಿಮ್ಮ ತಲೆಯಲ್ಲಿರೋದಕ್ಕಿಂತ ಜಾಸ್ತಿ ಇದೆ ತಿಳ್ಕೊಳ್ಳಿ!” ಎನ್ನುತ್ತಲೇ ಕೈಚಾಚಿ ಅವನ ಕನ್ನಡಕವನ್ನು ಕಿತ್ತು, ಕಡ್ಡಿ ಬಗ್ಗಿಸಿ, ಮತ್ತೆ ಅವನ ಮೂಗಿಗೆ ಸಿಕ್ಕಿಸಿದಳು. ಲೋಕ ನೆಟ್ಟಗಾಯಿತು. ಅವನು ಸುಖದಿಂದ ಕಣ್ಣು ಮುಚ್ಚಿದ. ಒಳಗೆ ಆ ಸೆಕೆಂಡ್ ಕ್ಲಾಸು ಹೃದಯ ಒಂದು ಏಟನ್ನೂ ತಪ್ಪಿಸದೆ, ಬೈಗುಳಕ್ಕೆ ತಾಳ ಹಾಕುತ್ತ, ಧಡ್ ಧಡ್ ಎಂದು ಬಡಿದುಕೊಳ್ಳುತ್ತಿತ್ತು.

“ನಿದ್ದೆ ಮಾಡ್ತಿದೀರಾ? ನಾನು ಬೈತಾ ಇದೀನಿ ಇಲ್ಲಿ!” ಎಂದು ಗದರಿ ಅವಳು ಕಾರು ಶುರು ಮಾಡಿದಳು. “ಈಗ ಹೋಗ್ತೀನಿ. ಕಾಲು?” ಅವನು ಬ್ರೇಕಿನಿಂದ ಕಾಲು ತೆಗೆದ. ಆ ಕಾಲನ್ನು ನಂಬುವಂತಿಲ್ಲ ಎಂದು ಅವನಿಗಲ್ಲದೆ ಯಾರಿಗೆ ಗೊತ್ತು? ಎರಡೂ ಕಾಲನ್ನು ಎತ್ತಿ ಸೀಟಿನ ಮೇಲಿಟ್ಟು ಚಕ್ಕಳಮಕ್ಕಳ ಹಾಕಿಕೊಂಡ. ಕಾರು ಒಂದು ಸಲವೂ ಮುಗ್ಗರಿಸದೆ ಮೀಸೆಯ ಬ್ರೆಡ್ಡನ್ನು ದಾಟಿ ಎದುರಿನ ರಸ್ತೆಗೆ ಇಳಿಯಿತು.

“ರೀ! ಚಪ್ಪಲಿ ಕಾಲು ಸೀಟಿನ ಮೇಲೆ!” ಎಂದು ಅವಳು ಮತ್ತೆ ಕೂಗಿದಳು. ಅವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕಾಲನ್ನು ಮಾತ್ರ ಕೆಳಗಿಡಲಿಲ್ಲ.